ಮಕ್ಕಳ ಬೊಜ್ಜು: ಶಾಲೆಯಿಂದ ಆಗುವುದೆಷ್ಟು, ಊರಿನಿಂದ ಆಗಬೇಕಾದ್ದೆಷ್ಟು

ಮಕ್ಕಳ ಪೌಷ್ಟಿಕತೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಬಡಕಲು ಮಗುವಿನ ಸುತ್ತಲೇ ನಡೆಯುತ್ತದೆ. ಅದು ನ್ಯಾಯವೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಮೂರರಲ್ಲೊಂದು ಮಗುವಿನ ತೂಕ ಕಡಿಮೆ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಸಾಲನ್ನು ನಾವು ಓದದೆ ದಾಟಿಬಿಡುತ್ತೇವೆ. ದೇಶದಲ್ಲಿ ಇದೇ ವಯಸ್ಸಿನ ಅತಿತೂಕದ ಮಕ್ಕಳ ಪಾಲು ನಾಲ್ಕನೇ ಸಮೀಕ್ಷೆಯಲ್ಲಿ ಶೇ 2.1 ಇದ್ದದ್ದು ಐದನೆಯದರ ಹೊತ್ತಿಗೆ ಶೇ 3.4ಕ್ಕೆ ಏರಿತ್ತು. ಕರ್ನಾಟಕದಲ್ಲಿ ಅದು ಶೇ 2.6ರಿಂದ ಶೇ 3.2ಕ್ಕೆ ಹೋಗಿತ್ತು.

ಶಾಲಾ ವಯಸ್ಸಿಗೆ ಬಂದರೆ ಚಿತ್ರ ಇನ್ನೂ ಗಂಭೀರ. 2024ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು, ಭಾರತದಲ್ಲಿ 5ರಿಂದ 19 ವರ್ಷದೊಳಗಿನ ಬೊಜ್ಜುಳ್ಳ ಮಕ್ಕಳ ಸಂಖ್ಯೆ 1990ರಲ್ಲಿ ಸುಮಾರು 4 ಲಕ್ಷ ಇದ್ದದ್ದು 2022ರಲ್ಲಿ 1.25 ಕೋಟಿಯಾಗಿದೆ ಎಂದು ಅಂದಾಜಿಸಿತು. 2025ರಲ್ಲಿ ಯುನಿಸೆಫ್ ಹೇಳಿದ್ದು ಚರಿತ್ರೆಯಲ್ಲಿ ಹಿಂದೆಂದೂ ಕೇಳಿರದ ಮಾತು: ಜಗತ್ತಿನ ಶಾಲಾ ವಯಸ್ಸಿನ ಮಕ್ಕಳಲ್ಲಿ ಬೊಜ್ಜುಳ್ಳವರು ಶೇ 9.4, ಕಡಿಮೆ ತೂಕದವರು ಶೇ 9.2. ದಕ್ಷಿಣ ಏಷ್ಯಾ ಮತ್ತು ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾದಲ್ಲಿ ಮಾತ್ರ ಕಡಿಮೆ ತೂಕದವರೇ ಈಗಲೂ ಹೆಚ್ಚು. ಅಂದರೆ ನಮ್ಮ ಪಾಲಿಗೆ ಒಂದು ಸಮಸ್ಯೆ ಮುಗಿದು ಇನ್ನೊಂದು ಶುರುವಾಗಿಲ್ಲ. ಎರಡೂ ಒಂದೇ ತರಗತಿಯ ಒಂದೇ ಬೆಂಚಿನ ಮೇಲೆ ಕೂತಿವೆ.

ಇದಕ್ಕೆ ಶಾಲೆ ಏನು ಮಾಡಬಹುದು, ಊರು ಏನು ಮಾಡಬೇಕು ಎಂಬ ಪ್ರಶ್ನೆಗೆ ಜಗತ್ತು ಮೂರು ದಶಕಗಳಿಂದ ಉತ್ತರ ಹುಡುಕುತ್ತಿದೆ. ಕೆಲವು ಪ್ರಯತ್ನಗಳು ಗೆದ್ದಿವೆ, ಹಲವು ಸೋತಿವೆ, ಒಂದೆರಡಂತೂ ಮಕ್ಕಳಿಗೇ ನೋವು ಕೊಟ್ಟಿವೆ. ನಾವು ಈಗಷ್ಟೇ ಹೆಜ್ಜೆ ಇಡುತ್ತಿರುವುದರಿಂದ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡುವುದು ಅಗತ್ಯ.

ತಕ್ಕಡಿಗೆ ಕಾಣದ ಕೊಬ್ಬು

ಮೊದಲು ಅಳತೆಯ ಮಾತು. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವುದೇ ಬಿಎಂಐ. ದೊಡ್ಡವರಿಗೆ ಎಲ್ಲ ವಯಸ್ಸಿಗೂ ಒಂದೇ ಗಡಿ ಸಾಕು. ಬೆಳೆಯುವ ಮಕ್ಕಳಿಗೆ ಹಾಗಾಗದು. ವಯಸ್ಸು, ಹೆಣ್ಣು ಗಂಡು ನೋಡಿ ಬೆಳವಣಿಗೆಯ ಪಟ್ಟಿಯಲ್ಲಿ ಗುರುತಿಸಬೇಕು. ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ 5ರಿಂದ 18 ವರ್ಷದವರಿಗೆ ನಮ್ಮದೇ ಪಟ್ಟಿಗಳನ್ನು ಕೊಟ್ಟಿತು. ವಯಸ್ಕರಲ್ಲಿ 23ಕ್ಕೆ ಸಮನಾಗುವ ಗೆರೆ ದಾಟಿದರೆ ಅತಿತೂಕ, 27ಕ್ಕೆ ಸಮನಾಗುವ ಗೆರೆ ದಾಟಿದರೆ ಬೊಜ್ಜು. ಪಾಶ್ಚಾತ್ಯರಲ್ಲಿ ಬಳಕೆಯಲ್ಲಿರುವ 25 ಮತ್ತು 30ಕ್ಕಿಂತ ಇವು ಬೇಕೆಂದೇ ಕೆಳಗಿವೆ.

ಯಾಕೆಂದರೆ ನಮ್ಮ ಮಕ್ಕಳ ಮೈ ಬೇರೆ ಬಗೆಯದು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಅಲ್ಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳೊಂದಿಗೆ ಹೋಲಿಸಿದರು. ಇಲ್ಲಿಯ ಕೂಸುಗಳ ಸರಾಸರಿ ತೂಕ 2.7 ಕಿಲೋ, ಅಲ್ಲಿಯವು 3.5 ಕಿಲೋ. ಮಾಂಸಖಂಡ ಕಡಿಮೆ, ಹೊಟ್ಟೆಯ ಅಂಗಾಂಗ ಚಿಕ್ಕವು. ಆದರೆ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚೇನೂ ತಗ್ಗಿರಲಿಲ್ಲ. ನಮ್ಮ ಮೈಸೂರಿನಲ್ಲೂ ಇದೇ ದಿಕ್ಕಿನ ಕೆಲಸ ನಡೆದಿದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರಿಂದ ಶುರುವಾದ 'ಪಾರ್ಥೆನಾನ್' ಅಧ್ಯಯನ ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷ ವರ್ಷವೂ ಹಿಂಬಾಲಿಸಿತು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ 5 ವರ್ಷಕ್ಕಾಗಲೇ ಮೈಕೊಬ್ಬು ಹೆಚ್ಚಿದ್ದುದು ಕಂಡಿತು.

2016–18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆ ಇದಕ್ಕೆ ಇನ್ನೊಂದು ಸಾಕ್ಷಿ. 5ರಿಂದ 9 ವರ್ಷದ ಮಕ್ಕಳಲ್ಲಿ ಶೇ 23ರಷ್ಟು ತೆಳ್ಳಗಿನವರು, ಶೇ 4ರಷ್ಟು ಮಾತ್ರ ಅತಿತೂಕದವರು. ಆದರೂ ಹತ್ತರಲ್ಲಿ ಒಂದು ಮಗುವಿಗೆ ಮಧುಮೇಹದ ಹೊಸ್ತಿಲಿನ ಲಕ್ಷಣ ಇತ್ತು. ತಕ್ಕಡಿ ಹೇಳುವುದಕ್ಕಿಂತ ದೊಡ್ಡ ಅಪಾಯ ಮೈಯೊಳಗೆ ಅಡಗಿದೆ ಎಂಬುದು ಇದರ ಅರ್ಥ. ಹಾಗಾಗಿ ದಪ್ಪ ಕಾಣುವ ಮಕ್ಕಳನ್ನಷ್ಟೇ ಹೆಕ್ಕಿ ತೆಗೆದು ಮಾಡುವ ಯಾವ ಕಾರ್ಯಕ್ರಮವೂ ನಮ್ಮಲ್ಲಿ ಅರ್ಧದಷ್ಟೇ ಕೆಲಸ ಮಾಡೀತು. ತೆಳ್ಳಗಿನ ಮಗುವಿಗೂ ಒಳ್ಳೆಯ ಊಟ, ಆಟ ಬೇಕೇ ಬೇಕು.

ಕಾರಣ ಮಗುವಿನ ನಾಲಿಗೆಯಲ್ಲ

"ತಿನ್ನೋದು ಜಾಸ್ತಿ, ಆಡೋದು ಕಡಿಮೆ" ಎಂದು ಹೇಳಿ ಮುಗಿಸುವುದು ಸುಲಭ. ಮಾತು ಸುಳ್ಳಲ್ಲ, ಆದರೆ ತಿನ್ನುವುದನ್ನೂ ಆಡುವುದನ್ನೂ ಯಾರು ನಿರ್ಧರಿಸುತ್ತಾರೆ ಎಂಬುದನ್ನು ಅದು ಮುಚ್ಚಿಡುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ನಗರ ಮತ್ತು ಅರೆನಗರದ 6ರಿಂದ 16 ವರ್ಷದ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅತಿತೂಕದ ಜೊತೆ ಗಟ್ಟಿಯಾಗಿ ಬೆಸೆದುಕೊಂಡಿದ್ದವು ಎರಡು: ಹೆಚ್ಚು ಹೊತ್ತಿನ ಟಿ.ವಿ. ವೀಕ್ಷಣೆ, ಕಡಿಮೆ ನಿದ್ದೆ. ಅದು ಮೊಬೈಲ್ ಫೋನು ಮಕ್ಕಳ ಕೈಗೆ ಬರುವ ಮುಂಚಿನ ಮಾತು.

ನಿದ್ದೆ ಕಡಿಮೆಯಾಗುವುದು ಮಗುವಿನ ತಪ್ಪಿನಿಂದಲ್ಲ. ಬೆಳಗಿನ ಜಾವ ಶಾಲೆಯ ವ್ಯಾನು, ಸಂಜೆ ಟ್ಯೂಷನ್ನು, ರಾತ್ರಿ ಹೋಂವರ್ಕು. ಬೀದಿಯಲ್ಲಿ ಆಡಲು ವಾಹನಗಳ ಭಯ, ಬಡಾವಣೆಯ ಪಾರ್ಕಿನಲ್ಲಿ ಚೆಂಡಾಟಕ್ಕೆ ನಿಷೇಧ, ಶಾಲೆಗೆ ಮೈದಾನವೇ ಇಲ್ಲ. ಐದು ರೂಪಾಯಿಗೆ ಹಣ್ಣು ಸಿಗದ ಊರಿನಲ್ಲೂ ಐದು ರೂಪಾಯಿಯ ಚಿಪ್ಸ್ ಪ್ಯಾಕೆಟ್ಟು ಗೂಡಂಗಡಿಯ ಮುಂದೆ ಸರಮಾಲೆಯಾಗಿ ತೂಗುತ್ತದೆ. ದುಡಿದು ಬಂದ ತಾಯಿಗೆ ಅಡುಗೆಗೆ ಹೊತ್ತಿಲ್ಲ, ಬೇಕರಿಯ ಪಫ್ಸ್ ಮಾತ್ರ ಕೈಗೆ ಸಿಗುವಷ್ಟು ಹತ್ತಿರ. ಬೊಜ್ಜು ಒಂದು ಕಾಲಕ್ಕೆ ಅನುಕೂಲಸ್ಥರ ಮನೆಯ ಲಕ್ಷಣವಾಗಿತ್ತು. ಈಗ ಅದು ಕೂಲಿಯವರ ಕೇರಿಯನ್ನೂ ಮುಟ್ಟಿದೆ. ಕಾರಣ ಇಷ್ಟು ಕಡೆ ಹರಡಿರುವಾಗ ತರಗತಿಯಲ್ಲಿ ಒಂದು ಪಾಠ ಮಾಡಿ ಗೆಲ್ಲುತ್ತೇವೆಂದುಕೊಳ್ಳುವುದು ಎಷ್ಟು ಸರಿ? ಜಗತ್ತಿನ ಅನುಭವ ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ.

ಪಾಠ ಕಲಿತರು, ತೂಕ ಇಳಿಯಲಿಲ್ಲ

ಅಮೆರಿಕದ ಮೂಲನಿವಾಸಿ ಮಕ್ಕಳಿಗಾಗಿ 1990ರ ದಶಕದ ಕೊನೆಯಲ್ಲಿ 'ಪಾಥ್‌ವೇಸ್' ಎಂಬ ದೊಡ್ಡ ಪ್ರಯೋಗ ನಡೆಯಿತು. 41 ಶಾಲೆ, 1,704 ಮಕ್ಕಳು, ಮೂರು ವರ್ಷ. ತರಗತಿಯ ಪಾಠ, ಕೊಬ್ಬು ಕಡಿಮೆ ಮಾಡಿದ ಶಾಲೆಯ ಊಟ, ವ್ಯಾಯಾಮ, ಪಾಲಕರ ಸಭೆ ಎಲ್ಲವೂ ಇದ್ದವು. ಮಕ್ಕಳ ತಿಳಿವಳಿಕೆ ಹೆಚ್ಚಿತು, ಶಾಲೆಯ ಊಟದ ಕೊಬ್ಬು ಇಳಿಯಿತು. ಮಕ್ಕಳ ಮೈಕೊಬ್ಬಿನಲ್ಲಿ ಮಾತ್ರ ಬೇರೆ ಶಾಲೆಯವರಿಗೂ ಇವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಸುತ್ತಮುತ್ತಲ 54 ಶಾಲೆಗಳಲ್ಲಿ ನಡೆದ 'ವೇವ್ಸ್' ಪ್ರಯೋಗದ್ದೂ ಇದೇ ಕಥೆ. ದಿನಕ್ಕೆ 30 ನಿಮಿಷ ಹೆಚ್ಚುವರಿ ಚಟುವಟಿಕೆ, ಪಾಲಕರೊಡನೆ ಅಡುಗೆ ಕಾರ್ಯಾಗಾರ, ಫುಟ್ಬಾಲ್ ಕ್ಲಬ್ಬಿನ ಸಹಯೋಗ ಎಲ್ಲ ಇದ್ದೂ 2018ರಲ್ಲಿ ಬಂದ ಫಲಿತಾಂಶದಲ್ಲಿ ಮಕ್ಕಳ ತೂಕದ ಮೇಲೆ ಎದ್ದು ಕಾಣುವ ಪರಿಣಾಮ ಇರಲಿಲ್ಲ.

ಇವು ಬಿಡಿ ಉದಾಹರಣೆಗಳಲ್ಲ. ವೈದ್ಯಕೀಯ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ತೂಗುವ ಕೊಕ್ರೇನ್ ಸಂಸ್ಥೆ 2024ರಲ್ಲಿ 5ರಿಂದ 11 ವರ್ಷದವರ ಮೇಲಿನ 172 ಪ್ರಯೋಗಗಳನ್ನೂ 12ರಿಂದ 18 ವರ್ಷದವರ ಮೇಲಿನ 74 ಪ್ರಯೋಗಗಳನ್ನೂ ಪರಿಶೀಲಿಸಿತು. ಚಿಕ್ಕವರಲ್ಲಿ ಆಹಾರ ಮತ್ತು ಚಟುವಟಿಕೆ ಎರಡನ್ನೂ ಜೋಡಿಸಿದಾಗ ಬಿಎಂಐ ಸ್ವಲ್ಪ, ಬಹಳ ಸ್ವಲ್ಪ, ತಗ್ಗುತ್ತದೆ ಎಂಬುದು ಅದರ ಸಾರ. ದೊಡ್ಡ ಮಕ್ಕಳಲ್ಲಿ ಫಲ ಇನ್ನೂ ಕ್ಷೀಣ.

ನಮ್ಮ ದೇಶದಲ್ಲಿ ಡಾ. ಅನೂಪ್ ಮಿಶ್ರ ಅವರ ನೇತೃತ್ವದಲ್ಲಿ ಉತ್ತರ ಭಾರತದ ನಗರ ಶಾಲೆಗಳಲ್ಲಿ ನಡೆದ 'ಮಾರ್ಗ್' ಕಾರ್ಯಕ್ರಮ ಈ ದಿಕ್ಕಿನ ಮೊದಲ ದೊಡ್ಡ ಹೆಜ್ಜೆಗಳಲ್ಲಿ ಒಂದು. ಮಕ್ಕಳು, ಶಿಕ್ಷಕರು, ಪಾಲಕರು ಮೂವರಿಗೂ ತರಬೇತಿ ಕೊಟ್ಟ ಅದು ಮಕ್ಕಳ ತಿಳಿವಳಿಕೆಯಲ್ಲಿ ಒಳ್ಳೆಯ ಸುಧಾರಣೆ ತಂದಿತು. ತಿಳಿವಳಿಕೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ತಿಳಿದದ್ದನ್ನು ಮಾಡಲು ಮಗುವಿನ ಸುತ್ತಲಿನ ಜಗತ್ತು ಬಿಡಬೇಕಲ್ಲ.

ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ಒಂದು ಪ್ರಯೋಗ ಸಾಕ್ಷಿ. ಬೀಜಿಂಗ್, ಚಾಂಗ್‌ಝಿ, ಉರುಮ್ಚಿ ನಗರಗಳ 24 ಶಾಲೆಗಳ 8ರಿಂದ 10 ವರ್ಷದ ಸುಮಾರು 1,400 ಮಕ್ಕಳು ಅದರಲ್ಲಿದ್ದರು. ಶಾಲೆಯೊಳಗೆ ಕುರುಕಲು, ಸಿಹಿ ಪಾನೀಯಕ್ಕೆ ತಡೆ. ದಿನವೂ ಕಡ್ಡಾಯ ಆಟ. ಮನೆಯವರ ಮೊಬೈಲಿನಲ್ಲಿ ಆ್ಯಪ್, ಅದರಲ್ಲಿ ಮಗುವಿನ ಊಟ, ಚಟುವಟಿಕೆ, ತೂಕದ ಲೆಕ್ಕ. ಶಿಕ್ಷಕರಿಂದ ಪಾಲಕರಿಗೆ ನಿಯತವಾದ ಸೂಚನೆ. ಒಂದು ಶೈಕ್ಷಣಿಕ ವರ್ಷದಲ್ಲಿ, ಅಂದರೆ 9 ತಿಂಗಳಲ್ಲಿ, ಬೇರೆ ಶಾಲೆಗಳಿಗೆ ಹೋಲಿಸಿದರೆ ಇಲ್ಲಿಯ ಮಕ್ಕಳ ಬಿಎಂಐ ಸರಾಸರಿ 0.46ರಷ್ಟು ಕಡಿಮೆಯಾಗಿತ್ತು. 2022ರಲ್ಲಿ ಪ್ರಕಟವಾದ ಈ ಫಲಿತಾಂಶ ಇಂಥ ಪ್ರಯೋಗಗಳ ಮಟ್ಟಿಗೆ ಬಹಳ ಒಳ್ಳೆಯದು. ಮನೆ ಮತ್ತು ಶಾಲೆ ಒಂದೇ ಮಾತು ಆಡಿದ್ದೇ ಅಲ್ಲಿಯ ಬಲ.

ಊರೇ ಕೈಜೋಡಿಸಿದಾಗ

ಫ್ರಾನ್ಸಿನ ಉತ್ತರದಲ್ಲಿ ಫ್ಲರ್ಬೇ ಮತ್ತು ಲವಾಂತಿ ಎಂಬ ಎರಡು ಪುಟ್ಟ ಊರುಗಳಿವೆ. 1992ರಲ್ಲಿ ಅಲ್ಲಿಯ ಶಾಲೆಗಳಲ್ಲಿ ಪೌಷ್ಟಿಕತೆಯ ಪಾಠ ಶುರುವಾಯಿತು. ಮೊದಲ ಕೆಲವು ವರ್ಷ ಮಕ್ಕಳ ತೂಕ ಇಳಿಯಲಿಲ್ಲ, ಏರುತ್ತಲೇ ಹೋಯಿತು. ಆಮೇಲೆ ಆಟದ ವ್ಯವಸ್ಥೆ, ವೈದ್ಯರು, ಅಂಗಡಿಯವರು, ಸ್ಥಳೀಯ ಆಡಳಿತ ಒಬ್ಬೊಬ್ಬರಾಗಿ ಸೇರಿಕೊಂಡರು. 2004ರ ಹೊತ್ತಿಗೆ ಅಲ್ಲಿ ಅತಿತೂಕದ ಮಕ್ಕಳು ಶೇ 8.8, ಹೋಲಿಕೆಗೆ ಆರಿಸಿದ ನೆರೆಯ ಊರುಗಳಲ್ಲಿ ಶೇ 17.8. ಅದನ್ನು ಕಂಡು 'ಎಪೋಡ್' ಎಂಬ ಹೆಸರಿನಲ್ಲಿ ಫ್ರಾನ್ಸಿನ ಹತ್ತು ಊರುಗಳಿಗೆ ಕಾರ್ಯಕ್ರಮ ಹಬ್ಬಿತು, ಮುಂದೆ ಬೇರೆ ದೇಶಗಳಿಗೂ ಹೋಯಿತು. ಈ ಕಥೆಯಲ್ಲಿ ನಾವು ಗಮನಿಸಬೇಕಾದ್ದು ಕಾಲಾವಧಿ. ಫಲ ಕಾಣಲು ಸುಮಾರು ಹತ್ತು ವರ್ಷ ಹಿಡಿಯಿತು. ಎರಡು ವರ್ಷದ ಅನುದಾನ ಮುಗಿದೊಡನೆ ಕೈಬಿಟ್ಟಿದ್ದರೆ ಅದೂ ಸೋತ ಕಾರ್ಯಕ್ರಮಗಳ ಪಟ್ಟಿಗೆ ಸೇರುತ್ತಿತ್ತು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸಾಮರ್ವಿಲ್ ನಗರದಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಇಕಾನಮೋಸ್ ಅವರ ತಂಡ 2002ರಿಂದ ಇಂಥದೇ ಕೆಲಸ ಮಾಡಿತು. ಶಾಲೆಯ ತಿಂಡಿ ಬದಲಾಯಿತು, ಮಕ್ಕಳು ನಡೆದುಹೋಗುವ ದಾರಿ ಸುರಕ್ಷಿತವಾಯಿತು, ಹೋಟೆಲುಗಳು ಚಿಕ್ಕ ಪ್ರಮಾಣದ ಹಿತವಾದ ಊಟ ಇಟ್ಟವು. ಮೊದಲ ವರ್ಷದಲ್ಲೇ ಬೇರೆ ಎರಡು ಊರುಗಳ ಮಕ್ಕಳಿಗಿಂತ ಇಲ್ಲಿನವರ ತೂಕ ಏರುವ ವೇಗ ತಗ್ಗಿತು. ತಗ್ಗಿದ್ದು ಅಲ್ಪವೇ, ಆದರೆ ಊರಿನ ಎಲ್ಲ ಮಕ್ಕಳಿಗೂ ಅನ್ವಯವಾದಾಗ ಅಲ್ಪವೂ ದೊಡ್ಡದು.

ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್ ನಗರಾಡಳಿತ 2012ರ ಸುಮಾರಿಗೆ ಇಪ್ಪತ್ತು ವರ್ಷದ ಗುರಿ ಇಟ್ಟುಕೊಂಡು ಹೊರಟಿತು. ಶಾಲೆಗೆ ಹಣ್ಣಿನ ರಸವೂ ಬೇಡ, ನೀರು ಮಾತ್ರ ತನ್ನಿ ಎಂಬ ನಿಯಮ ಬಂತು. ಬಡ ವಲಸಿಗರ ಬಡಾವಣೆಗಳಲ್ಲಿ ಅಡುಗೆ ತರಗತಿ, ಮಕ್ಕಳ ನಿದ್ದೆಯ ಬಗ್ಗೆ ತಿಳಿವಳಿಕೆ, ಆಟದ ಅಂಗಳ ಬಂದವು. 2012ರಲ್ಲಿ ಶೇ 21ರಷ್ಟಿದ್ದ ಅತಿತೂಕ ಮತ್ತು ಬೊಜ್ಜು 2015ರಲ್ಲಿ ಶೇ 18.5ಕ್ಕೆ ಇಳಿಯಿತು, ಬಡ ಬಡಾವಣೆಗಳಲ್ಲಿ ಇಳಿಕೆ ಎದ್ದು ಕಂಡಿತು. ನಂತರದ ವರ್ಷಗಳಲ್ಲಿ ಆ ವೇಗ ಉಳಿಯಲಿಲ್ಲ. ಊರಿನ ಪ್ರಯತ್ನಕ್ಕೂ ಒಂದು ಮಿತಿ ಇದೆ. ಜಾಹೀರಾತು, ತೆರಿಗೆ, ಲೇಬಲ್ ಇವೆಲ್ಲ ನಗರಸಭೆಯ ಕೈಯಲ್ಲಿಲ್ಲ.

ಬೆರಳು ತೋರಿಸಿದರೆ ಆಗುವ ಗಾಯ

ಸಿಂಗಪುರದ ಕಥೆ ಪ್ರತಿಯೊಬ್ಬ ಮುಖ್ಯೋಪಾಧ್ಯಾಯರೂ ತಿಳಿದಿರಬೇಕಾದ್ದು. ಅಲ್ಲಿ 1992ರಲ್ಲಿ 'ಟ್ರಿಮ್ ಅಂಡ್ ಫಿಟ್' ಯೋಜನೆ ಜಾರಿಗೆ ಬಂತು. ತೂಕ ಹೆಚ್ಚಿರುವ ಮಕ್ಕಳನ್ನು ಬೇರೆ ಮಾಡಿ ಹೆಚ್ಚುವರಿ ವ್ಯಾಯಾಮ ಮಾಡಿಸುತ್ತಿದ್ದರು. ಗೆಳೆಯರು ವಿರಾಮದಲ್ಲಿ ಊಟ ಮಾಡುವಾಗ ಇವರು ಓಡಬೇಕಾಗುತ್ತಿತ್ತು. ಅಂಕಿಗಳ ಮಟ್ಟಿಗೆ ಯೋಜನೆ ಗೆದ್ದಿತು. ಸುಮಾರು ಶೇ 14ರಷ್ಟಿದ್ದ ಬೊಜ್ಜು 2006ರ ಹೊತ್ತಿಗೆ ಶೇ 10ರ ಆಸುಪಾಸಿಗೆ ಬಂತು. ಆದರೆ ಆ ಮಕ್ಕಳು ವರ್ಷಗಟ್ಟಲೆ ಗೇಲಿಗೆ ಗುರಿಯಾದರು. ಊಟವನ್ನೇ ದ್ವೇಷಿಸುವ ಮನೋರೋಗಗಳ ಬಗ್ಗೆ ಆತಂಕ ಎದ್ದಿತು. 2007ರಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟು, ಎಲ್ಲ ಮಕ್ಕಳ ಒಟ್ಟಾರೆ ಆರೋಗ್ಯವನ್ನು ನೋಡುವ ಹೊಸ ಕ್ರಮಕ್ಕೆ ಬದಲಾಯಿತು.

ಅಮೆರಿಕದಲ್ಲಿ ಇನ್ನೊಂದು ದಾರಿ ಹಿಡಿದರು. ಅರ್ಕನ್ಸಾ ರಾಜ್ಯ 2003ರ ಕಾಯ್ದೆಯಿಂದ ಮಕ್ಕಳ ಬಿಎಂಐ ಅಳೆದು ಮನೆಗೆ ಪತ್ರ ಕಳಿಸುವ ಪದ್ಧತಿ ತಂದಿತು, ಬೇರೆ ರಾಜ್ಯಗಳೂ ಹಿಂಬಾಲಿಸಿದವು. ಇದರಿಂದ ಉಪಯೋಗವಾಗುತ್ತದೆಯೇ ಎಂದು ಕ್ಯಾಲಿಫೋರ್ನಿಯಾದ 79 ಶಾಲೆಗಳಲ್ಲಿ ಪರೀಕ್ಷಿಸಿ 2021ರಲ್ಲಿ ಉತ್ತರ ಪ್ರಕಟಿಸಿದರು. ಪತ್ರ ಹೋದ ಮನೆಗಳ ಮಕ್ಕಳ ತೂಕ ಇಳಿದಿರಲಿಲ್ಲ. ಶಾಲೆಯಲ್ಲಿ ತೂಕ ಅಳೆಸಿಕೊಂಡ ಮಕ್ಕಳಲ್ಲಿ ತಮ್ಮ ಮೈಯ ಬಗ್ಗೆ ಅತೃಪ್ತಿ ಮಾತ್ರ ಹೆಚ್ಚಿತ್ತು.

ನಮ್ಮ ಶಾಲೆಗಳಲ್ಲಿ 'ಡುಮ್ಮ', 'ಡುಮ್ಮಿ', 'ಗುಂಡ' ಎಂಬ ಅಡ್ಡಹೆಸರುಗಳನ್ನು ಮೇಷ್ಟ್ರೂ ಕರೆಯುತ್ತಾರೆ, ಅಜ್ಜಿಯೂ ಕರೆಯುತ್ತಾಳೆ; ಪ್ರೀತಿಯೆಂದೇ ಭಾವಿಸುತ್ತಾರೆ. ಕರೆಸಿಕೊಳ್ಳುವ ಮಗು ಆಟದ ಮೈದಾನದಿಂದ ಹಿಂದೆ ಸರಿಯುತ್ತದೆ, ಓಟದಲ್ಲಿ ಕೊನೆಗೆ ಬಂದು ನಗೆಪಾಟಲಾಗುವುದಕ್ಕಿಂತ ಹೊಟ್ಟೆನೋವೆಂದು ಕೂರುವುದೇ ಲೇಸೆನ್ನುತ್ತದೆ. ಆಟ ತಪ್ಪಿದಷ್ಟೂ ತೂಕ ಏರುತ್ತದೆ. ತೂಕ ಮಗುವಿನ ಅಪರಾಧವಲ್ಲ ಎಂಬ ಮಾತನ್ನು ಶಿಕ್ಷಕರ ತರಬೇತಿಯ ಮೊದಲ ಪಾಠವಾಗಿಸಬೇಕು.

ಕಾಯ್ದೆ ಇದೆ, ಕಾವಲಿಲ್ಲ

ಶಾಲೆಯ ಗೇಟಿನ ಹೊರಗೆ ಕೆಲಸ ಮಾಡಬಲ್ಲದ್ದು ಕಾನೂನು. ದೆಹಲಿ ಹೈಕೋರ್ಟಿನಲ್ಲಿ 'ಉದಯ್ ಫೌಂಡೇಷನ್' ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಫಲವಾಗಿ ನಡೆದ ದೀರ್ಘ ಪ್ರಕ್ರಿಯೆಯ ಕೊನೆಗೆ, ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2020ರಲ್ಲಿ ಶಾಲಾ ಮಕ್ಕಳ ಆಹಾರದ ನಿಯಮಾವಳಿ ಹೊರಡಿಸಿತು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ಪದಾರ್ಥಗಳನ್ನು ಶಾಲೆಯ ಆವರಣದಲ್ಲಿ ಮತ್ತು ಅದರ ಸುತ್ತ 50 ಮೀಟರಿನೊಳಗೆ ಮಕ್ಕಳಿಗೆ ಮಾರುವಂತಿಲ್ಲ, ಜಾಹೀರಾತು ಮಾಡುವಂತಿಲ್ಲ. ಯಾವುದೇ ಊರಿನ ಶಾಲೆಯ ಮುಂದೆ ಮಧ್ಯಾಹ್ನದ ಗಂಟೆ ಬಾರಿಸಿದಾಗ ನಿಂತು ನೋಡಿದರೆ ಈ ನಿಯಮದ ಸ್ಥಿತಿ ತಿಳಿಯುತ್ತದೆ. ತಂಬಾಕಿಗೆ 100 ಗಜದ ಗೆರೆ ಎಳೆಸಲು ನಾವು ಎಷ್ಟೋ ಕಡೆ ಕಲಿತಿದ್ದೇವೆ. ಚಿಪ್ಸಿಗೆ 50 ಮೀಟರಿನ ಗೆರೆ ಎಳೆಸುವುದನ್ನು ಇನ್ನೂ ಕಲಿಯಬೇಕಾಗಿದೆ. ಗೂಡಂಗಡಿಯವರನ್ನು ಎಬ್ಬಿಸುವುದು ಇದಕ್ಕೆ ಪರಿಹಾರವಲ್ಲ. ಬೇಯಿಸಿದ ಶೇಂಗಾ, ಜೋಳ, ಸೀಬೆಹಣ್ಣು, ಮಜ್ಜಿಗೆ ಮಾರಲು ಅವರಿಗೆ ಪಂಚಾಯಿತಿ ನೆರವಾದರೆ ಹೊಟ್ಟೆಪಾಡೂ ನಡೆದೀತು, ಮಕ್ಕಳೂ ಉಳಿದಾರು.

ಚಿಲಿ ದೇಶ ಈ ವಿಷಯದಲ್ಲಿ ಧೈರ್ಯ ತೋರಿತು. 2016ರಿಂದ ಅಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪ್ಯಾಕೆಟ್ಟಿನ ಮುಂಭಾಗದಲ್ಲೇ ಕಪ್ಪು ಅಷ್ಟಕೋನದ ಎಚ್ಚರಿಕೆ ಇರಬೇಕು. ಅಂಥದನ್ನು ಶಾಲೆಯಲ್ಲಿ ಮಾರುವಂತಿಲ್ಲ, 14 ವರ್ಷದೊಳಗಿನ ಮಕ್ಕಳಿಗೆ ಜಾಹೀರಾತು ಮಾಡುವಂತಿಲ್ಲ. ಒಂದೂವರೆ ವರ್ಷದಲ್ಲಿ ಸಕ್ಕರೆ ಹೆಚ್ಚಿರುವ ಪಾನೀಯಗಳ ಖರೀದಿ ಸುಮಾರು ಶೇ 24ರಷ್ಟು ಇಳಿಯಿತು. ಬ್ರಿಟನ್ನು 2018ರಲ್ಲಿ ತಂಪು ಪಾನೀಯಗಳಿಗೆ ಸಕ್ಕರೆ ಪ್ರಮಾಣ ನೋಡಿ ತೆರಿಗೆ ಹಾಕಿತು. ತೆರಿಗೆ ತಪ್ಪಿಸಿಕೊಳ್ಳಲು ಕಂಪನಿಗಳೇ ಸಕ್ಕರೆ ಕಡಿಮೆ ಮಾಡಿದವು. ಆಮೇಲಿನ ವಿಶ್ಲೇಷಣೆಯಲ್ಲಿ 10–11 ವರ್ಷದ ಹೆಣ್ಣುಮಕ್ಕಳಲ್ಲಿ ಬೊಜ್ಜು, ತೆರಿಗೆ ಇಲ್ಲದಿದ್ದರೆ ಇರಬಹುದಾಗಿದ್ದ ಮಟ್ಟಕ್ಕಿಂತ ಶೇ 8ರಷ್ಟು ಕಡಿಮೆ ಇದ್ದುದು ಕಂಡಿತು; ಹುಡುಗರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ನಮ್ಮಲ್ಲಿ ಪ್ಯಾಕೆಟ್ಟಿನ ಮುಂದೆ ನಕ್ಷತ್ರ ಹಾಕುವ ಕರಡು 2022ರಲ್ಲಿ ಬಂತು. ಮಕ್ಕಳಿಗೆ ಬೇಕಾದ್ದು ನಕ್ಷತ್ರದ ಬಹುಮಾನವಲ್ಲ, ನೇರ ಎಚ್ಚರಿಕೆ ಎಂದು ಆರೋಗ್ಯ ಕಾರ್ಯಕರ್ತರು ವಾದಿಸುತ್ತ ಬಂದಿದ್ದಾರೆ. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 2025ರ ಸೆಪ್ಟೆಂಬರಿನ ಜಿಎಸ್‌ಟಿ ಬದಲಾವಣೆಯಲ್ಲಿ ಸಕ್ಕರೆ ಬೆರೆಸಿದ ತಂಪು ಪಾನೀಯಗಳು ಶೇ 40ರ ಮೇಲ್ದರದಲ್ಲೇ ಉಳಿದದ್ದು ಸರಿಯಾದ ನಡೆ. ಆದರೆ ಅದೇ ಬದಲಾವಣೆಯಲ್ಲಿ ಬಿಸ್ಕತ್ತು, ಚಾಕೊಲೇಟು, ದಿಢೀರ್ ನೂಡಲ್ಸ್, ಕುರುಕಲು ತಿಂಡಿಗಳ ತೆರಿಗೆ ಶೇ 5ಕ್ಕೆ ಇಳಿಯಿತು. ಒಂದು ಇಲಾಖೆ ಶಾಲೆಯಲ್ಲಿ ಸಕ್ಕರೆಯ ಬಗ್ಗೆ ಎಚ್ಚರಿಸುವ ಫಲಕ ಹಾಕಿಸುತ್ತಿರುವಾಗ ಇನ್ನೊಂದು ಇಲಾಖೆ ಸಕ್ಕರೆಯ ಪ್ಯಾಕೆಟ್ಟನ್ನು ಅಗ್ಗ ಮಾಡಿದರೆ ಮಗು ಯಾರ ಮಾತು ಕೇಳಬೇಕು?

ನಮ್ಮ ಬಿಸಿಯೂಟ, ನಮ್ಮ ಬಲ

ಕರ್ನಾಟಕದ ಕೈಯಲ್ಲಿ ಹಲವು ದೇಶಗಳಿಗೆ ಇಲ್ಲದ ಒಂದು ಸಾಧನವಿದೆ. ಅದು ಬಿಸಿಯೂಟ. 2002ರಲ್ಲಿ 'ಅಕ್ಷರ ದಾಸೋಹ'ವಾಗಿ ಹೈದರಾಬಾದ್ ಕರ್ನಾಟಕದ (ಈಗಿನ ಕಲ್ಯಾಣ ಕರ್ನಾಟಕ) ಕಡೆಯಿಂದ ಶುರುವಾದ ಯೋಜನೆ ಇಂದು ಹತ್ತನೇ ತರಗತಿಯವರೆಗೆ ತಲುಪಿದೆ. 2013ರಲ್ಲಿ 'ಕ್ಷೀರ ಭಾಗ್ಯ' ಬಂತು. ಆಮೇಲೆ ಮೊಟ್ಟೆ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ವಾರದ ಆರು ದಿನವೂ ಸಿಗುವಂತಾಯಿತು. ಅದೇ ವರ್ಷ ಹಾಲಿನ ಜೊತೆಗೆ ರಾಗಿ ಮಾಲ್ಟ್ ಸೇರಿತು. ಮೊಟ್ಟೆ ತಿನ್ನದವರಿಗೆ ಕೊಡುತ್ತಿದ್ದ ಶೇಂಗಾ ಚಿಕ್ಕಿಯನ್ನು ಸಕ್ಕರೆ, ಕೊಬ್ಬಿನ ಕಾರಣಕ್ಕೆ ನಿಲ್ಲಿಸಿ ಬಾಳೆಹಣ್ಣಿಗೆ ಹೊರಳಿದ್ದು ಸಣ್ಣ ತೀರ್ಮಾನವೆನಿಸಿದರೂ ಮುಖ್ಯವಾದದ್ದು. ಬಿಸಿಯೂಟವನ್ನು ಹಸಿವಿನ ಕಣ್ಣಿನಿಂದ ಮಾತ್ರವಲ್ಲದೆ ಆರೋಗ್ಯದ ಕಣ್ಣಿನಿಂದಲೂ ನೋಡತೊಡಗಿದ್ದೇವೆ ಎಂಬುದಕ್ಕೆ ಅದು ಗುರುತು.

ಬಡಕಲು ಮಗುವಿಗೂ ಬೊಜ್ಜಿನ ಮಗುವಿಗೂ ಬೇಕಾದ ಊಟ ಮೂಲತಃ ಒಂದೇ: ಬೇಳೆ, ಕಾಳು, ಮೊಟ್ಟೆ, ಹಾಲು, ಸೊಪ್ಪು, ತರಕಾರಿ, ರಾಗಿ, ಜೋಳ. ತಟ್ಟೆಯಲ್ಲಿ ಬಿಳಿ ಅನ್ನದ ರಾಶಿ ತಗ್ಗಿ ಹುಳಿಯಲ್ಲಿ ತರಕಾರಿ ಹೆಚ್ಚಿದರೆ ಇಬ್ಬರಿಗೂ ಲಾಭ. ಇದಕ್ಕೆ ತರಕಾರಿ, ಸಾಂಬಾರಿಗೆ ಕೊಡುವ ಖರ್ಚು ಹೆಚ್ಚಬೇಕು. ಅಡುಗೆ ಮಾಡುವ ತಾಯಂದಿರ ಗೌರವಧನವೂ ಹೆಚ್ಚಬೇಕು. ಕೇಂದ್ರ ಶಿಕ್ಷಣ ಸಚಿವಾಲಯ 2025ರಲ್ಲಿ ಬಿಸಿಯೂಟದ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಮಾಡಲು ಸೂಚಿಸಿತು. ನಗರದ ಮಕ್ಕಳಿಗೆ ಅದು ಹೊಂದೀತು; ಕಲ್ಯಾಣ ಕರ್ನಾಟಕದ ಬಡಕಲು ಮಗುವಿಗೆ ಸಿಗುವ ಎಣ್ಣೆಯೇ ಕಡಿಮೆ. ಇಂಥಲ್ಲಿ ಒಂದೇ ಆದೇಶ ಎಲ್ಲ ಜಿಲ್ಲೆಗೂ ಸಲ್ಲದು.

ಖಾಸಗಿ ಶಾಲೆಗಳು ಈ ವ್ಯವಸ್ಥೆಯ ಹೊರಗಿವೆ, ಬೊಜ್ಜು ಹೆಚ್ಚಿರುವುದೂ ನಗರದ ಈ ಶಾಲೆಗಳಲ್ಲೇ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆಲ್ಲ 'ಸಕ್ಕರೆ ಫಲಕ' ಹಾಕಲು ಹೇಳಿತು. 4ರಿಂದ 10 ವರ್ಷದ ಮಕ್ಕಳ ದಿನದ ಶಕ್ತಿಯಲ್ಲಿ ಶೇ 13, 11ರಿಂದ 18 ವರ್ಷದವರಲ್ಲಿ ಶೇ 15ರಷ್ಟು ಸಕ್ಕರೆಯಿಂದ ಬರುತ್ತಿದೆ, ಇರಬೇಕಾದ್ದು ಶೇ 5 ಎಂದು ಆ ಸುತ್ತೋಲೆ ನೆನಪಿಸಿತು. ಒಳ್ಳೆಯ ಆರಂಭವೇ. ಆದರೆ ಫಲಕದ ಪಕ್ಕದಲ್ಲೇ ಕ್ಯಾಂಟೀನಿನ ತಂಪು ಪಾನೀಯದ ಫ್ರಿಜ್ ಇದ್ದರೆ ಗೆಲ್ಲುವುದು ಫ್ರಿಜ್ಜೇ. ಜಪಾನಿನಲ್ಲಿ ಶಾಲೆಯ ಊಟಕ್ಕೆ 1954ರಿಂದ ಕಾಯ್ದೆಯಿದೆ. 2005ರಲ್ಲಿ ಆಹಾರ ಶಿಕ್ಷಣದ ಕಾಯ್ದೆ ಬಂದು, ಶಾಲೆಗಳಲ್ಲಿ ಪೌಷ್ಟಿಕತೆಯ ಶಿಕ್ಷಕರು ಬಂದರು. ಮಕ್ಕಳೇ ಬಡಿಸುತ್ತಾರೆ, ಎಲ್ಲರೂ ಒಂದೇ ಊಟ ಮಾಡುತ್ತಾರೆ, ಊಟದ ಹೊತ್ತೂ ಪಾಠದ ಭಾಗ. ನಮ್ಮ ಖಾಸಗಿ ಶಾಲೆಗಳು ಲಕ್ಷಗಟ್ಟಲೆ ಶುಲ್ಕ ಪಡೆಯುವಾಗ ಇಷ್ಟನ್ನು ಮಾಡಲಾರವೇ?

ಇನ್ನು ಆಟ. ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ ಇರಬೇಕೆನ್ನುತ್ತದೆ. ಮೈದಾನ ಇದ್ದರೂ ದೈಹಿಕ ಶಿಕ್ಷಣ ಶಿಕ್ಷಕರಿಲ್ಲದ ಶಾಲೆಗಳು ಎಷ್ಟೋ. ಎರಡೂ ಇದ್ದರೆ ಪರೀಕ್ಷೆ ಹತ್ತಿರ ಬಂದೊಡನೆ ಪಿ.ಟಿ. ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ. ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನ ಒಂದು ಪ್ರಾಥಮಿಕ ಶಾಲೆಯಲ್ಲಿ 2012ರಲ್ಲಿ ಮುಖ್ಯಶಿಕ್ಷಕಿ ಇಲೇನ್ ವೈಲಿ ಮಕ್ಕಳನ್ನು ದಿನಾ 15 ನಿಮಿಷ ಹೊರಗೆ ನಡೆಯಲು, ಓಡಲು ಬಿಡತೊಡಗಿದರು. ಸಮವಸ್ತ್ರ ಬದಲಿಸುವುದಿಲ್ಲ, ಸ್ಪರ್ಧೆಯಿಲ್ಲ, ಖರ್ಚಿಲ್ಲ. ಆ 'ಡೈಲಿ ಮೈಲ್' ಇಂದು ಹಲವು ದೇಶಗಳಲ್ಲಿದೆ. ಕಬಡ್ಡಿ, ಕೊಕ್ಕೊ, ಕುಂಟೆಬಿಲ್ಲೆ ಬಲ್ಲ ನಾಡಿಗೆ ಇದು ಕಷ್ಟವಾಗಬಾರದು. ಒಂದೇ ಎಚ್ಚರ: ಗೆಲ್ಲುವವರ ತಂಡಕ್ಕೆ ಮಾತ್ರ ಮೈದಾನ ಎಂದಾಗಬಾರದು.

ಈಗಾಗಲೇ ಬೊಜ್ಜಿರುವ ಮಗುವಿಗೆ

ಮೇಲೆ ಹೇಳಿದ್ದೆಲ್ಲ ಬಾರದಂತೆ ತಡೆಯುವ ಮಾತು. ಈಗಾಗಲೇ ಬೊಜ್ಜಿರುವ, ಕುತ್ತಿಗೆಯ ಚರ್ಮ ಕಪ್ಪಾದ, ರಾತ್ರಿ ಗೊರಕೆಯಿಂದ ನಿದ್ದೆ ಕೆಡುವ, ರಕ್ತದೊತ್ತಡ ಏರಿದ ಮಗುವಿಗೆ ಶಾಲೆಯ ಕಾರ್ಯಕ್ರಮ ಸಾಲದು. ಅದಕ್ಕೆ ಚಿಕಿತ್ಸೆ ಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಇಡೀ ಕುಟುಂಬವನ್ನು ಕೂರಿಸಿಕೊಂಡು 3ರಿಂದ 12 ತಿಂಗಳಲ್ಲಿ ಕನಿಷ್ಠ 26 ಗಂಟೆಗಳಷ್ಟು ಮುಖಾಮುಖಿ ಸಮಾಲೋಚನೆ ನಡೆಯಬೇಕು. "ಕಡಿಮೆ ತಿನ್ನು, ಓಡು" ಎಂದು ಹೊರರೋಗಿ ವಿಭಾಗದಲ್ಲಿ ಎರಡು ನಿಮಿಷ ಗದರಿ ಕಳಿಸುವುದಕ್ಕೂ ಇದಕ್ಕೂ ಎಷ್ಟು ಅಂತರ! ಬೆಳೆಯುವ ಮಗುವನ್ನು ಉಪವಾಸ ಕೆಡವುವುದು, ಜಾಹೀರಾತು ನೋಡಿ ಪುಡಿ ಕುಡಿಸುವುದು ಅಪಾಯ. ಎಷ್ಟೋ ಮಕ್ಕಳಲ್ಲಿ ತೂಕ ಇಳಿಸಲೇಬೇಕೆಂದಿಲ್ಲ, ಏರದಂತೆ ಹಿಡಿದರೆ ಎತ್ತರ ಬೆಳೆಯುತ್ತ ಸರಿಹೋಗುತ್ತದೆ.

ಇದಕ್ಕೆ ಬೇಕಾದ ಕೊಂಡಿಗಳು ನಮ್ಮಲ್ಲಿವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. 2020ರ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ಆರೋಗ್ಯ ರಾಯಭಾರಿಗಳ ಹೊಣೆ ಕೊಡುತ್ತದೆ. 2025ರ ಪೌಷ್ಟಿಕತೆಯ ಪಕ್ಷಾಚರಣೆ 'ಪೋಷಣ್ ಪಖ್ವಾಡ'ದಲ್ಲಿ ಮಕ್ಕಳ ಬೊಜ್ಜೂ ಒಂದು ವಿಷಯವಾಗಿತ್ತು. ಅಂಗನವಾಡಿಯ ತಕ್ಕಡಿ ಕಡಿಮೆ ತೂಕವನ್ನಷ್ಟೇ ನೋಡಬಾರದೆಂಬ ಅರಿವು ಸರ್ಕಾರಕ್ಕೂ ಬಂದಿದೆ. ಕೊಂಡಿ ಬೆಸೆಯುವುದು ಬಾಕಿ. ಅಳತೆ ತೆರೆಯ ಹಿಂದೆ, ಒಬ್ಬೊಬ್ಬರದಾಗಿ ನಡೆಯಬೇಕು. ಫಲಿತಾಂಶ ತರಗತಿಯ ಹಲಗೆಗೆ ಹೋಗದೆ ಪಾಲಕರ ಕಿವಿಗೆ ಮಾತ್ರ ಹೋಗಬೇಕು. ಹೋದ ಮೇಲೆ ಮುಂದೇನು ಎಂಬುದಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನವಾದರೂ ಮಕ್ಕಳ ತಜ್ಞರು, ಆಹಾರ ತಜ್ಞರು, ಮನಶ್ಶಾಸ್ತ್ರಜ್ಞರು ಸಿಗಬೇಕು. ಮುಂದಿನ ದಾರಿ ತೋರಿಸದ ಅಳತೆ ಮಗುವಿಗೆ ಅವಮಾನವಲ್ಲದೆ ಬೇರೇನನ್ನೂ ಕೊಡುವುದಿಲ್ಲ.

ಒಟ್ಟು ತೀರ್ಮಾನ

ಇಷ್ಟು ದೇಶಗಳ ಅನುಭವದಿಂದ ಕೆಲವು ಮಾತು ಖಚಿತವಾಗುತ್ತವೆ. ಬರೀ ಪಾಠ ಸಾಲದು. ಊಟ, ಆಟ, ನಿದ್ದೆ, ಮನೆ ಒಟ್ಟಿಗೆ ಬದಲಾದಾಗ ಫಲ ಸಿಗುತ್ತದೆ. ಅದೂ ಹತ್ತು ವರ್ಷದ ತಾಳ್ಮೆಯಿದ್ದರೆ. ತೆರಿಗೆ, ಲೇಬಲ್, ಜಾಹೀರಾತಿನ ಕಾನೂನು ಬೆನ್ನಿಗೆ ನಿಲ್ಲದಿದ್ದರೆ ಶಾಲೆ ಗಳಿಸಿದ್ದನ್ನು ಮಾರುಕಟ್ಟೆ ಕಸಿದುಕೊಳ್ಳುತ್ತದೆ. ಬೊಜ್ಜಿನ ಮಕ್ಕಳನ್ನು ಬೇರೆ ಸಾಲಿನಲ್ಲಿ ನಿಲ್ಲಿಸುವ ಯಾವ ಯೋಜನೆಯನ್ನೂ, ಅದರ ಅಂಕಿ ಎಷ್ಟೇ ಚೆನ್ನಾಗಿರಲಿ, ಒಪ್ಪಬಾರದು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರಲ್ಲಿ, ಪಾಲಕರಲ್ಲಿ, ಗ್ರಾಮ ಪಂಚಾಯಿತಿ ಮತ್ತು ನಗರಸಭೆಯ ಸದಸ್ಯರಲ್ಲಿ ಒಂದು ವಿನಂತಿ. ಮುಂದಿನ ಸಭೆಯಲ್ಲಿ ನಾಲ್ಕು ಪ್ರಶ್ನೆ ಕೇಳಿ. ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಏನು ಮಾರಾಟವಾಗುತ್ತಿದೆ? ಆಟದ ಪೀರಿಯಡ್ಡು ಈ ತಿಂಗಳು ಎಷ್ಟು ಸಲ ನಡೆಯಿತು? ಕುಡಿಯಲು ಒಳ್ಳೆಯ ನೀರು ಇದೆಯೇ? ಮಕ್ಕಳನ್ನು ಅಳೆದ ತಂಡ ಹೇಳಿಹೋದದ್ದರ ಮೇಲೆ ಏನು ಕ್ರಮವಾಯಿತು? ಈ ನಾಲ್ಕಕ್ಕೂ ನೆಟ್ಟಗಿನ ಉತ್ತರ ಸಿಗುವವರೆಗೆ ಕೇಳುತ್ತಲೇ ಇರಿ. ದುಬಾರಿ ಯೋಜನೆಗಳು ಬರಲಿ, ಬಾರದಿರಲಿ, ಇಷ್ಟು ಮಾಡುವುದು ಪ್ರತಿ ಊರಿಗೂ ಸಾಧ್ಯ.